ಡಾಕ್ಟರ್ ಕನ್ನಡಕ ತೆಗೆದ ಮೇಲೆ

“ಸತ್ತಳು ಅಂದ್ರೆ ಸತ್ತಳು! ಕಣ್ಣಾರೆ ನೋಡಿದೀನಿ!”

“ನಿನ್ನ ಕಣ್ಣಿಗಿಷ್ಟು ಮಣ್ಣು ಹಾಕ! ಬಂಗಾರದಂಥ ಹುಡುಗಿನ ಸಾಯಿಸೋಕೆ ನಿನ್ನ ನಾಲಿಗೆ ಹೇಗೆ ಹೊರಳಿತಯ್ಯಾ?”

“ನಾನೇನು ಸಾಯಿಸಿದ್ನಾ? ಅವಳತ್ತೆ ಸಾಯಿಸಿದ್ದು. ಹಾಲಲ್ಲಿ ವಿಷ ಹಾಕಿ.”

“ಹಾಕಿದ್ಲು, ಒಪ್ಪಿದೆ. ಇವಳು ಕುಡಿದ್ಲು, ಅದನ್ನೂ ಒಪ್ಪಿದೆ. ಆದ್ರೆ ಸಾಯಲಿಲ್ಲ!”

ಬೀದಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ಎದೆ ಹಿಡಿದುಕೊಂಡು ನಿಂತು, ಯಾರ ಮನೆಯ ಹುಡುಗಿ ಎಂದು ಕೇಳಿದಳು. ಯಾರ ಮನೆಯವಳೂ ಅಲ್ಲಮ್ಮ, ಪಿಕ್ಚರಿನವಳು ಎಂದು ಹಿಟ್ಟಿನ ಗಿರಣಿಯವನು ಹೇಳಿದ. ಆಕೆ ಮೂವರನ್ನೂ ಒಟ್ಟಿಗೆ ಬೈದು ಮುಂದೆ ಹೋದಳು. ಬೈದದ್ದು ಸರಿಯಾಗಿಯೇ ಇತ್ತು.

ಜಗಳಕ್ಕೆ ನಿಂತವರು ಟೈಲರ್ ಮತ್ತು ಅವನ ಎದುರಿನ ಸಲೂನಿನವನು. ನಡುವೆ ನಿಂತು ಎರಡೂ ಕಡೆ ಗಾಳಿ ಊದುತ್ತಿದ್ದವನು ಗಿರಣಿಯವನು. ಮೈಯೆಲ್ಲ ಸದಾ ಬೆಳ್ಳಗಿರುತ್ತಿದ್ದುದರಿಂದ ಅವನನ್ನು ಹಿಟ್ಟಣ್ಣ ಎಂದೇ ಕರೆಯುತ್ತಿದ್ದರು. ಪಿಕ್ಚರು ಅಣ್ಣ ತಂಗಿಯದು. ವರ್ಷಕ್ಕೊಂದು ಸಲ ಊರಿನ ಒಂದೇ ಒಂದು ಟಾಕೀಸಿಗೆ ಬರುತ್ತಿತ್ತು, ಬಂದಾಗಲೆಲ್ಲ ಇಡೀ ಊರು ಹೋಗಿ ಅತ್ತು ಬರುತ್ತಿತ್ತು. ತಂಗಿಗೆ ವಿಷ ಬೀಳುತ್ತದೆ, ಆಸ್ಪತ್ರೆಗೆ ಒಯ್ಯುತ್ತಾರೆ, ಅಣ್ಣ ಅತ್ತ ಖಳನನ್ನು ಚಚ್ಚಿ ಇತ್ತ ಓಡಿ ಬರುತ್ತಾನೆ, ಬಾಗಿಲು ತೆರೆದು ಡಾಕ್ಟರ್ ಹೊರಗೆ ಬಂದು ಕನ್ನಡಕ ತೆಗೆಯುತ್ತಾನೆ. ಇಲ್ಲಿಯವರೆಗೆ ಊರಿನಲ್ಲಿ ಎಲ್ಲರದ್ದೂ ಒಂದೇ ಮಾತು. ಇಲ್ಲಿಂದ ಮುಂದೆ ಒಬ್ಬೊಬ್ಬರದು ಒಂದೊಂದು.

ಟೈಲರನಿಗೆ ಒಡಹುಟ್ಟಿದ ತಂಗಿ ಇರಲಿಲ್ಲ. ಇದ್ದಿದ್ದರೆ ಹೀಗೇ ಇರುತ್ತಿದ್ದಳು ಎಂದು ಆ ಹುಡುಗಿಯ ಮೇಲೆ ಪ್ರಾಣ ಇಟ್ಟುಕೊಂಡಿದ್ದ. ಅಂಥವಳು ಸತ್ತಳು ಎಂದು, ಅದೂ ಬೆಳಗ್ಗೆ ಬೆಳಗ್ಗೆ, ಇನ್ನೊಬ್ಬನ ಕೆನ್ನೆಗೆ ನೊರೆ ಹಚ್ಚುತ್ತ ಸಲೀಸಾಗಿ ಹೇಳಿಬಿಟ್ಟರೆ ಯಾರಿಗೆ ತಾನೇ ಪಿತ್ತ ನೆತ್ತಿಗೇರುವುದಿಲ್ಲ?

“ಡಾಕ್ಟರ್ ಯಾಕಯ್ಯಾ ಕನ್ನಡಕ ತೆಗೀತಾನೆ?” ಸಲೂನಿನವನು ಬ್ರಷ್ ಎತ್ತಿ ಕೇಳಿದ. “ಸತ್ತರೆ ತಾನೇ ತೆಗೆಯೋದು? ಬದುಕಿದ್ದೋರ ಮುಂದೆ ಯಾವ ಡಾಕ್ಟರಾದ್ರೂ ತೆಗೀತಾನಾ?”

“ಬೆವರು ಒರೆಸ್ಕೊಳ್ಳೋಕೆ ತೆಗೀತಾನೆ! ಆಪರೇಷನ್ ಮಾಡಿ ಸುಸ್ತಾಗಿರಲ್ವಾ? ನೀನು ಒಂದು ಗಡ್ಡ ಕೆರೆದು ಎರಡು ಸಲ ಬೀಡಿಗೆ ಹೋಗ್ತೀಯ!”

“ಹಾಗಾದ್ರೆ ಆಗಲಿ,” ಎಂದ ಸಲೂನಿನವನು. “ತಂಗಿ ಬದುಕಿದ್ರೆ ಈ ವಿಚಾರದಲ್ಲಿ ನಾನಿನ್ನು ಬಾಯಿ ಬಿಡಲ್ಲ. ಸತ್ತಿದ್ರೆ ನಿನ್ನ ರೇಡಿಯೋ ನನ್ನಂಗಡಿಗೆ.”

ನೋಡಿ, ಬುದ್ಧಿ ಇರುವವನು ಇಲ್ಲಿ ನಿಲ್ಲಿಸುತ್ತಿದ್ದ. ಒಂದು ಕಡೆ ಬಾಯಿ, ಇನ್ನೊಂದು ಕಡೆ ರೇಡಿಯೋ. ಇದು ಯಾವ ಸೀಮೆಯ ಪಂಥ? ಆದರೆ ಸಿಟ್ಟು ಬಂದಾಗ ಟೈಲರನಿಗೆ ಅಳತೆ ತಪ್ಪುತ್ತಿತ್ತು.

“ಆಗಲಿ ತಗೋ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ.

ಅದು ಬರೀ ರೇಡಿಯೋ ಆಗಿದ್ದರೆ ಹೋಗಲಿ ಬಿಡಿ ಎನ್ನಬಹುದಿತ್ತು. ಟೈಲರನ ಕಾಲು ಮಷೀನು ತುಳಿಯುತ್ತಿದ್ದುದೇ ಆ ರೇಡಿಯೋ ಹಾಡಿಗೆ. ಹಳೆಯ, ನಿಧಾನದ ಹಾಡು ಬಂದರೆ ಹೊಲಿಗೆ ಇರುವೆ ಸಾಲಿನ ಹಾಗೆ ನೆಟ್ಟಗೆ ಹೋಗುತ್ತಿತ್ತು. ಹಾಡಿಲ್ಲದ ದಿನ ಮಷೀನು ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ಮೊಂಡು ಬೀಳುತ್ತಿತ್ತು. ಸಲೂನಿನವನಿಗೆ ಬೇಕಾದದ್ದು ಅಳುವ ಹಾಡು. ಯಾರಾದರೂ ಬಿಕ್ಕಿ ಬಿಕ್ಕಿ ಹಾಡಿದರೆ ಮಾತ್ರ ಅವನ ಕತ್ತಿ ನಯವಾಗಿ ಓಡುತ್ತಿತ್ತಂತೆ. ಬಹಳ ದಿನದಿಂದ ಆ ರೇಡಿಯೋ ಮೇಲೆ ಅವನ ಕಣ್ಣು.

ಒಳಗೆ ಬಂದು ಕೂತ ಟೈಲರ್ ಅದೇ ಸಿಟ್ಟಿನಲ್ಲಿ ಮೇಷ್ಟರ ಅಂಗಿಗೆ ಜೇಬು ಹೊಲಿದ. ಮೇಷ್ಟರು ಬಂದು ತೊಟ್ಟು, ಕನ್ನಡಿಯ ಮುಂದೆ ನಿಂತು, ಎದೆ ತಡವಿಕೊಂಡು, ಆಮೇಲೆ ಕೈ ಹಿಂದಕ್ಕೆ ಹಾಕಿದರು.

“ಇದೇನಯ್ಯ, ಜೇಬು ಬೆನ್ನ ಮೇಲಿದೆ?”

“ಇರಲಿ ಬಿಡಿ ಸಾರ್. ಕಳ್ಳರಿಗೆ ಗೊತ್ತಾಗಲ್ಲ.”

“ನನಗೇ ಗೊತ್ತಾಗಲ್ವಲ್ಲೋ! ಏನಾಗಿದೆ ನಿನಗೆ ಇವತ್ತು?”

ಏನಾಗಿದೆ ಎಂದು ಟೈಲರ್ ಹೇಳಿದ. ಮೇಷ್ಟರು ನಕ್ಕುಬಿಟ್ಟರು. “ನೀವಿಬ್ಬರೂ ದಡ್ಡರು. ಅವಳು ಸಾಯೋದೂ ಇಲ್ಲ, ಸರಿಯಾಗಿ ಬದುಕೋದೂ ಇಲ್ಲ. ನೆನಪು ಹೋಗುತ್ತೆ. ಅಣ್ಣನನ್ನೇ ನೋಡಿ ‘ನೀವು ಯಾರು?’ ಅಂತಾಳೆ. ನಾನು ಪ್ರತಿ ವರ್ಷ ನೋಡ್ತೀನಿ.”

ಟೈಲರ್ ಅವರ ಮೈಯಿಂದ ಅಂಗಿಯನ್ನು ಬಾಳೆಹಣ್ಣು ಸುಲಿದ ಹಾಗೆ ಸುಲಿದುಕೊಂಡು, ನಾಳೆ ಬನ್ನಿ ಎಂದ. ಮೇಷ್ಟರ ಹಿಂದೆಯೇ ಗುಂಡಿ ಹಾಕಿಸಲು ಬಂದ ಅಜ್ಜಿಯೊಬ್ಬಳು, ತಂಗಿ ಸತ್ತ ಮೇಲೆ ಅಣ್ಣನೂ ಎದೆ ಒಡೆದು ಸತ್ತದ್ದನ್ನು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ವಿವರಿಸಿದಳು. ಟೈಲರ್ ಬಾಗಿಲು ಹಾಕಿಕೊಂಡು ಊಟಕ್ಕೆ ನಡೆದ.

ಮನೆಯಲ್ಲಿ ತಟ್ಟೆಯ ಮುಂದೆ ಕೂತೂ ಕೂಗಾಡಿದ. “ಸುಳ್ಳರ ಊರು ಕಣೇ ಇದು! ಕಣ್ಣಾರೆ ನೋಡಿದೀನಿ ಅಂತ ಎದೆ ತಟ್ಟಿ ಸುಳ್ಳು ಹೇಳ್ತಾರೆ!”

ಹೆಂಡತಿ ಸೌಟು ಕೆಳಗಿಟ್ಟಳು. “ನೀವು ನೋಡಿದೀರಾ?”

“ಏನನ್ನ?”

“ಕೊನೇನ. ಪಿಕ್ಚರ್ ಬಿಡೋಕೆ ಮುಂಚೇನೇ ಸೈಕಲ್ ತಗೊಂಡು ಮನೇಲಿರ್ತೀರಲ್ಲ, ಯಾವಾಗ ನೋಡಿದ್ರಿ?”

ಟೈಲರನ ತುತ್ತು ಬಾಯಿಯವರೆಗೆ ಬಂದು ಅಲ್ಲೇ ನಿಂತಿತು.

ಆ ಟಾಕೀಸಿನ ಸೈಕಲ್ ಸ್ಟ್ಯಾಂಡ್ ಒಂದು ನರಕ. ಗೇಟು ಒಂದೇ, ಅದೂ ಒಬ್ಬ ದಪ್ಪನೆಯವನು ಉಸಿರು ಬಿಗಿಹಿಡಿದು ದಾಟುವಷ್ಟು. ಸೈಕಲ್‌ಗಳನ್ನು ಒಂದರ ಹೊಟ್ಟೆಗೆ ಇನ್ನೊಂದರ ಹ್ಯಾಂಡಲ್ ತೂರಿಸಿ ಪೇರಿಸುತ್ತಿದ್ದರು. ಮೊದಲು ಹೋದವನು ತನ್ನದನ್ನು ಎಳೆದುಕೊಂಡು ಪಾರಾಗುತ್ತಿದ್ದ. ತಡವಾದವನು ಪೆಡಲಿಗೆ ಸಿಕ್ಕಿಕೊಂಡ ಪಂಚೆ ಬಿಡಿಸಿಕೊಳ್ಳುತ್ತ ಕತ್ತಲಾಗುವವರೆಗೆ ಅಲ್ಲೇ. ಅದಕ್ಕೇ ಊರಿನ ಜನ ಒಂದು ಪದ್ಧತಿ ಮಾಡಿಕೊಂಡಿದ್ದರು: ಖಳ ಬಿದ್ದ, ಡಾಕ್ಟರ್ ಕನ್ನಡಕ ತೆಗೆದ, ಏಳು, ಓಡು. ಟೈಲರ್ ಕೂಡ ಹಾಗೇ ಓಡಿದ್ದ. ಆಮೇಲಿನದನ್ನು ಮಷೀನು ತುಳಿಯುತ್ತ ತಲೆಯಲ್ಲೇ ಹೊಲಿದುಕೊಂಡಿದ್ದ. ತಂಗಿ ಕಣ್ಣು ಬಿಡುತ್ತಾಳೆ, ‘ಅಣ್ಣಾ’ ಅನ್ನುತ್ತಾಳೆ. ಎಷ್ಟು ಚೆನ್ನಾಗಿ ಹೊಲಿದಿದ್ದನೆಂದರೆ ಎಲ್ಲಿಯೂ ಹೊಲಿಗೆ ಕಾಣುತ್ತಿರಲಿಲ್ಲ.

“ಅಂದ್ರೆ ಅವನೂ ನೋಡಿಲ್ಲ!” ಎಂದು ಎದ್ದು ನಿಂತ. “ಆ ಸಲೂನಿನವನು ನನಗಿಂತ ಮುಂಚೆ ಓಡ್ತಾನೆ!”

“ಕೈ ತೊಳ್ಕೊಂಡು ಹೋಗ್ರಿ,” ಎಂದಳು ಹೆಂಡತಿ. ಅವನು ಆಗಲೇ ಬೀದಿಯಲ್ಲಿದ್ದ.

ಅಂದು ಪಿಕ್ಚರಿನ ಕೊನೆಯ ದಿನ. ಮಧ್ಯಾಹ್ನದ ಆಟಕ್ಕೆ ಹೋಗುವ ಹೊತ್ತಿಗೆ ಪಂಥದ ಸುದ್ದಿ ಊರೆಲ್ಲ ಹಬ್ಬಿ, ಟಾಕೀಸು ತುಂಬಿ ತುಳುಕುತ್ತಿತ್ತು. ಸಲೂನಿನವನು ಒಂದು ಪಕ್ಕ, ಹಿಟ್ಟಣ್ಣ ಇನ್ನೊಂದು ಪಕ್ಕ ಕೂತರು. ಬೆನ್ನ ಮೇಲೆ ಜೇಬಿಲ್ಲದ ಹಳೆಯ ಅಂಗಿ ತೊಟ್ಟು ಮೇಷ್ಟರೂ ಬಂದಿದ್ದರು.

“ಇವತ್ತು ಒಬ್ಬನೂ ಏಳಕೂಡದು,” ಎಂದು ಟೈಲರ್ ಹಲ್ಲು ಕಡಿದ.

“ಯಾರು ಏಳ್ತಾರೆ? ರೇಡಿಯೋ ಗೆಲ್ಲೋ ದಿನ ನಾನೇ ಏಳ್ತೀನಾ?” ಎಂದ ಸಲೂನಿನವನು.

ವಿಷ ಬಿತ್ತು. ಜನ ಅತ್ತರು. ಅಣ್ಣ ಖಳನನ್ನು ಚಚ್ಚಿದ. ಜನ ಶಿಳ್ಳೆ ಹೊಡೆದರು. ಆಸ್ಪತ್ರೆಯ ಬಾಗಿಲು ತೆರೆಯಿತು. ಡಾಕ್ಟರ್ ಹೊರಗೆ ಬಂದ. ಕೈ ನಿಧಾನವಾಗಿ ಕನ್ನಡಕದ ಕಡೆ ಹೋಯಿತು.

ದಡಾರನೆ ಇಡೀ ಟಾಕೀಸು ಎದ್ದಿತು. ಕಲ್ಲು ಬಿದ್ದ ಜೇನುಗೂಡಿನ ಹಾಗೆ ಜನ ಬಾಗಿಲಿಗೆ ನುಗ್ಗಿದರು. ಟೈಲರನ ಮುಂದೆ ಪರದೆಯ ಬದಲು ಬರೀ ಬೆನ್ನುಗಳು.

“ಕೂತ್ಕೊಳ್ರೋ! ನಿಮ್ಮ ಮನೆಗೆ ಬೆಂಕಿ ಬಿದ್ದಿದೆಯೇನ್ರೋ! ಕೂತ್ಕೊಳ್ರೋ!”

ಪಕ್ಕಕ್ಕೆ ತಿರುಗಿದರೆ ಸಲೂನಿನವನೂ ಅರ್ಧ ಎದ್ದಿದ್ದ. ಟೈಲರ್ ಅವನ ಅಂಗಿ ಹಿಡಿದು ಜಗ್ಗಿದ. “ನೀನೆಲ್ಲಿಗಯ್ಯಾ?”

“ನನ್ನ ಸೈಕಲ್ ಗೋಡೆ ಕಡೆ ಇದೆ ಕಣಯ್ಯ! ನೀನು ನೋಡ್ಕೊಂಡು ಬಂದು ಹೇಳು, ಗೇಟ್ ಹತ್ರ ಇರ್ತೀನಿ!” ಎಂದು ಅಂಗಿ ಬಿಡಿಸಿಕೊಂಡು ಓಡಿದ. ಅವನ ಹಿಂದೆ ಹಿಟ್ಟು ಉದುರಿಸುತ್ತ ಹಿಟ್ಟಣ್ಣ.

ಬೆನ್ನುಗಳೆಲ್ಲ ಸರಿದಾಗ ಪರದೆ ಖಾಲಿ ಬಿಳಿ ಗೋಡೆಯಾಗಿತ್ತು. ದೀಪ ಹತ್ತಿತು.

ಟೈಲರ್ ಮೆಟ್ಟಿಲು ಹತ್ತಿ ಮಷೀನಿನ ಕೋಣೆಗೆ ನುಗ್ಗಿದ. ಆಪರೇಟರ್ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ.

“ಯಾಕೆ ನಿಲ್ಲಿಸಿದೆ?”

“ಮುಗೀತು.”

“ಎಲ್ಲಿ ಮುಗೀತು? ಡಾಕ್ಟರ್ ಇನ್ನೂ ಬಾಯಿ ಬಿಟ್ಟಿಲ್ಲ!”

“ಜನ ಎದ್ರು, ನಿಲ್ಲಿಸಿದೆ. ಆಮೇಲಿನದನ್ನ ಯಾರಿಗೆ ತೋರಿಸಲಿ, ಕುರ್ಚಿಗಾ?”

“ಅಂದ್ರೆ ಕೊನೇ ರೀಲು ನೀನು ಯಾವತ್ತೂ ಬಿಟ್ಟೇ ಇಲ್ವಾ?”

“ನನಗೂ ಸೈಕಲ್ ಇದೆ ಸ್ವಾಮಿ,” ಎಂದ ಆಪರೇಟರ್.

ಟೈಲರ್ ಕಿರುಚಿದ. ಟಿಕೆಟ್ ಕೊಂಡಿದ್ದು ಪೂರ್ತಿ ಪಿಕ್ಚರಿಗೆ, ಮುಕ್ಕಾಲು ಪ್ಯಾಂಟು ಹೊಲಿದು ಕೊಟ್ಟರೆ ನೀನು ತೊಡುತ್ತೀಯಾ ಎಂದು ಕೇಳಿದ, ಮ್ಯಾನೇಜರನ್ನು ಕರೆಯುತ್ತೇನೆ ಎಂದ. ಮ್ಯಾನೇಜರ್ ಎಂಬ ಹೆಸರು ಕೇಳಿ ಆಪರೇಟರ್ ಗೊಣಗುತ್ತ ಮೂಲೆಯಿಂದ ಕೊನೆಯ ಡಬ್ಬಿ ಎತ್ತಿದ. ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಇಬ್ಬರೂ ಸೇರಿ ಬಡಿದು ತೆಗೆದರು.

ಟೈಲರ್ ಓಡಿ ಬಂದು ಆ ದೊಡ್ಡ ಖಾಲಿ ಟಾಕೀಸಿನ ನಟ್ಟ ನಡುವೆ ಒಬ್ಬನೇ ಕೂತ. ‘ಕಣ್ಣು ಬಿಡಮ್ಮಾ,’ ಎಂದ ಮೆಲ್ಲಗೆ, ಯಾರೂ ಇಲ್ಲವಲ್ಲ ಎಂಬ ಧೈರ್ಯದಿಂದ.

ಪರದೆ ಬೆಳಗಿತು. ಒಂದು ಕೋಳಿ ಬಂತು.

ಬಿಳಿ ಕೋಳಿ. ಅದರ ಹಿಂದೆ ಇನ್ನಷ್ಟು ಕೋಳಿ. “ಕೋಳಿಗಳಿಗೆ ದಿನವೂ ಶುದ್ಧವಾದ ನೀರನ್ನು ಒದಗಿಸಬೇಕು,” ಎಂದು ಗಂಭೀರವಾದ ದನಿಯೊಂದು ಹೇಳಿತು.

ಟೈಲರ್ ಆಶೆ ಬಿಡಲಿಲ್ಲ. ತಂಗಿ ಬದುಕಿದ್ದಾಳೆ, ಗಂಡನ ಮನೆ ಬಿಟ್ಟು ಅಣ್ಣನ ಜೊತೆ ಕೋಳಿ ಸಾಕಿಕೊಂಡಿದ್ದಾಳೆ, ಈಗ ಕಾಳಿನ ಬುಟ್ಟಿ ಹಿಡಿದು ಬರುತ್ತಾಳೆ ಎಂದು ಕುರ್ಚಿಯ ತುದಿಗೆ ಸರಿದು ಕಾದ. ಗೂಡು ಕಟ್ಟುವ ವಿಧಾನ ಬಂತು. ಮೊಟ್ಟೆ ಜೋಡಿಸುವ ವಿಧಾನ ಬಂತು. ಕೋಳಿಗೆ ಬರುವ ರೋಗಗಳು ಬಂದವು, ಒಬ್ಬ ಡಾಕ್ಟರೂ ಬಂದ. ಆದರೆ ಅವನಿಗೆ ಕನ್ನಡಕವೇ ಇರಲಿಲ್ಲ. ಕೊನೆಗೆ ಒಂದು ಹುಂಜ ಕೂಗಿತು. ಮುಗಿಯಿತು.

ಮೇಲೆ ಹೋದರೆ ಆಪರೇಟರನ ಮುಖ ಹಿಟ್ಟಣ್ಣನಿಗಿಂತ ಬೆಳ್ಳಗಾಗಿತ್ತು. “ಡಬ್ಬಿ ಅದಲುಬದಲಾಗಿದೆ ಸ್ವಾಮಿ. ಯಾವ ಕಾಲದಲ್ಲೋ ಏನೋ! ದಮ್ಮಯ್ಯ, ಯಾರಿಗೂ ಹೇಳ್ಬೇಡಿ. ಕೊನೇ ರೀಲು ಬಿಡ್ತಾನೇ ಇರಲಿಲ್ಲ ಅಂತ ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ.”

“ಹೋಗಲಿ! ನನ್ನ ರೇಡಿಯೋ ಹೋಗ್ತಾ ಇದೆ! ಊರಿಗೆಲ್ಲ ಹೇಳ್ತೀನಿ!”

ಗೇಟಿನ ಬಳಿ ಊರೇ ಸೈಕಲ್ ಹಿಡಿದು ನಿಂತಿತ್ತು. ಗಲಾಟೆ ಕೇಳಿ ಮ್ಯಾನೇಜರ್ ಕೂಡ ಹೊರಗೆ ಬಂದಿದ್ದ.

“ಏನಾಯ್ತು? ಸತ್ತಳಾ, ಬದುಕಿದ್ಲಾ?”

“ಕೋಳಿ!” ಎಂದು ಟೈಲರ್ ಅಬ್ಬರಿಸಿದ. “ಕೊನೇಲಿ ಇರೋದು ಕೋಳಿ! ನೀವ್ಯಾರೂ ನೋಡಿಲ್ಲ, ನಾನೂ ನೋಡಿಲ್ಲ, ಆ ಆಪರೇಟರೂ ನೋಡಿಲ್ಲ! ಎಲ್ರೂ ಸುಳ್ಳರು! ತಂಗಿನೂ ಇಲ್ಲ, ಡಾಕ್ಟರೂ ಇಲ್ಲ, ಬರೀ ಕೋಳಿ!”

ನಗು ಎದ್ದಿತು ನೋಡಿ, ಸಾಲು ಸಾಲಾಗಿ ಸೈಕಲ್‌ಗಳು ಉರುಳಿದವು.

“ಸೋತೆ ಅನ್ನೋಕೆ ಬಾಯಿಲ್ಲ, ಕೋಳಿ ತಂದಿದಾನೆ!” ಎಂದ ಹಿಟ್ಟಣ್ಣ.

“ಪಾಪ, ಇವನಿಗೇ ನೆನಪು ಹೋಗಿದೆ,” ಎಂದರು ಮೇಷ್ಟರು.

ಮ್ಯಾನೇಜರ್ ನಗಲಿಲ್ಲ. ಮೆಟ್ಟಿಲಿಳಿದು ಬರುತ್ತಿದ್ದ ಆಪರೇಟರನ ಕಡೆ ತಿರುಗಿದ. “ಏನಯ್ಯಾ ಇದು? ಕೊನೇ ರೀಲು ಬಿಡ್ತೀಯೋ ಇಲ್ವೋ?”

ಆಪರೇಟರ್ ಟೈಲರನ ಮುಖ ನೋಡಿದ. ಮ್ಯಾನೇಜರನ ಮುಖ ನೋಡಿದ. “ಬಿಡದೆ ಇರ್ತೀನಾ ಸಾರ್? ಇವತ್ತೂ ಬಿಟ್ಟೆ. ಇವರೊಬ್ಬರೇ ಕೂತು ನೋಡಿದ್ರು. ಸತ್ತುಹೋದ್ಲು ಸಾರ್ ಹುಡುಗಿ.”

“ಎಲವೋ ಪಾಪಿ!” ಎಂದ ಟೈಲರ್.

“ಹೇಗೆ ಸತ್ತಳು? ಸರಿಯಾಗಿ ಹೇಳು,” ಎಂದು ಸಲೂನಿನವನು ಸೈಕಲ್‌ಗೆ ಸ್ಟ್ಯಾಂಡ್ ಹಾಕಿದ.

ಆಪರೇಟರ್ ಹೇಳತೊಡಗಿದ. ಮೊದಲು ತಡವರಿಸುತ್ತ, ಆಮೇಲೆ ಜನ ಹತ್ತಿರ ಬಂದಂತೆಲ್ಲ ಸರಾಗವಾಗಿ. ತಂಗಿ ಅಣ್ಣನ ಕೈ ಹಿಡಿಯುತ್ತಾಳೆ. ಅಣ್ಣಾ, ಊಟ ಮಾಡಿದೆಯಾ, ಎನ್ನುತ್ತಾಳೆ. ಚಿಕ್ಕಂದಿನಲ್ಲಿ ಹೊತ್ತುಕೊಂಡು ತಿರುಗುತ್ತಿದ್ದೆಯಲ್ಲ, ಈಗೊಂದು ಸಲ ಎತ್ತಿಕೋ, ಎನ್ನುತ್ತಾಳೆ. ಅಣ್ಣ ಎತ್ತಿಕೊಳ್ಳುತ್ತಾನೆ. ಇಷ್ಟು ಹಗುರಾದೆಯಲ್ಲೇ, ಎನ್ನುತ್ತಾನೆ. ಅವಳು ಉತ್ತರ ಕೊಡುವುದಿಲ್ಲ.

ಅಜ್ಜಿಯೊಬ್ಬಳು ಮೂಗೊರೆಸಿದಳು. ಸೈಕಲ್ ಸ್ಟ್ಯಾಂಡಿನವನು ಗೋಡೆಗೆ ತಿರುಗಿದ. ಟೈಲರನಿಗೆ ಇದೆಲ್ಲ ಈಗ, ಇಲ್ಲಿ, ಕಣ್ಣ ಮುಂದೆ ಕಟ್ಟಿದ ಸುಳ್ಳು ಎಂದು ಚೆನ್ನಾಗಿ ಗೊತ್ತಿತ್ತು. ಆದರೂ ತಡೆಯಬೇಕು ಅನ್ನುವಷ್ಟರಲ್ಲಿ ಎರಡು ಕಣ್ಣಿಂದಲೂ ನೀರು ಇಳಿದೇ ಬಿಟ್ಟಿತು.

“ನೋಡ್ರೋ!” ಎಂದು ಸಲೂನಿನವನು ಕುಣಿದ. “ಅಳ್ತಾ ಇದಾನೆ! ಕೋಳಿ ನೋಡಿ ಯಾರಾದ್ರೂ ಅಳ್ತಾರಾ? ಇನ್ನೇನು ಸಾಕ್ಷಿ ಬೇಕು?”

“ಕೋಳಿ ಕಣ್ರೋ,” ಎಂದ ಟೈಲರ್ ಬಿಕ್ಕುತ್ತ. “ಆಣೆಗೂ ಕೋಳಿ!”

ಮೇಷ್ಟರು ಅವನ ಬೆನ್ನು ಸವರಿದರು. “ಸಮಾಧಾನ ಮಾಡ್ಕೊಳ್ಳಯ್ಯಾ. ಮೊದಲ ಸಲ ನೋಡಿದಾಗ ನನಗೂ ಹೀಗೇ ಆಗಿತ್ತು.”

ಟೈಲರ್ ಆ ಕೈಯನ್ನು ಕೊಡವಿದ. “ರೇಡಿಯೋ ಅಂಗಡೀಲಿದೆ. ಹೊತ್ಕೊಂಡು ಹೋಗಿ ಸಾಯಿ,” ಎಂದು ಸಲೂನಿನವನ ಮುಖಕ್ಕೆ ಅಂಗಡಿಯ ಬೀಗದ ಕೈ ಎಸೆದು, ಸೈಕಲ್ಲೂ ತೆಗೆದುಕೊಳ್ಳದೆ, ಗೇಟಿನ ಕಡೆ ದಾಪುಗಾಲು ಹಾಕಿದ. ಆಪರೇಟರ್ ಆಗಲೇ ಅತ್ತೆಯನ್ನು ಪೊಲೀಸರು ಎಳೆದುಕೊಂಡು ಹೋಗುವಲ್ಲಿಗೆ ಬಂದಿದ್ದ. ಜನ ಉಸಿರು ಬಿಗಿಹಿಡಿದು ಕೇಳುತ್ತಿದ್ದರು, ಒಬ್ಬನಿಗೂ ಮನೆಗೆ ಹೋಗುವ ಅವಸರ ಇರಲಿಲ್ಲ.

“ಏ, ನಿಲ್ಲಯ್ಯಾ!” ಎಂದು ಹಿಟ್ಟಣ್ಣ ಕೂಗಿದ. “ಇನ್ನೂ ಮುಗಿದಿಲ್ಲ! ಕೊನೆ ಕೇಳ್ಕೊಂಡು ಹೋಗು!”

ಟೈಲರ್ ತಿರುಗಿ ಬರಲಿಲ್ಲ.