ಮಾವನ ರಿವಾಲ್ವರಿಗೆ ಅಳಿಯನ ಬೆವರು

ಡೆಲ್ಮರ್ ಪೆಟಸ್‌ನ ಅವತ್ತಿನ ಗ್ರಹಚಾರಕ್ಕೆಲ್ಲ ಮೂಲ, ಬಾದಾಮಿ ಬೀಜದಷ್ಟು ದೊಡ್ಡದೊಂದು ಕಂದು ಕಲೆ. ಶನಿವಾರ ಬೆಳಿಗ್ಗೆ ಏಳೂವರೆಗೆ ಅಡುಗೆಮನೆಯ ಮೇಜಿನ ಮೇಲೆ ಟವೆಲ್ ಹಾಸಿ, ಮಾವ ಕೊಟ್ಟ ರಿವಾಲ್ವರನ್ನು ಚರ್ಮದ ಒರೆಯಿಂದ ಹೊರಗೆಳೆದು, ಗುಂಡುಗಳನ್ನೆಲ್ಲ ತೆಗೆದಿಟ್ಟು, ಕಿಟಕಿಯ ಬೆಳಕಿಗೆ ಹಿಡಿದಾಗ ಅದು ಕಣ್ಣಿಗೆ ಬಿತ್ತು. ನೀಲಿಗಪ್ಪು ಉಕ್ಕಿನ ಮೇಲೆ, ಮರದ ಹಿಡಿಗಿಂತ ತುಸು ಮೇಲೆ, ಬಲಮಗ್ಗುಲಲ್ಲಿ ಕೂತಿತ್ತು. ಉಗುರಿನಿಂದ ಕೆರೆದ, ಹೋಗಲಿಲ್ಲ. ಅಂಗಿಯ ತುದಿಗೆ ನೀರು ಮುಟ್ಟಿಸಿ ಉಜ್ಜಿದ, ಇನ್ನಷ್ಟು ಚೆನ್ನಾಗಿ ಕಾಣತೊಡಗಿತು.

"ಲೊರೀನ್, ತುಕ್ಕು ಹಿಡಿದಿದೆ ಕಣೇ!"

ಹೆಂಡತಿ ಲೊರೀನ್ ಮೂವತ್ತು ಜನಕ್ಕಾಗುವಷ್ಟು ಆಲೂಗಡ್ಡೆ ಬೇಯಿಸುತ್ತಿದ್ದಳು. ತಿರುಗಿಯೂ ನೋಡಲಿಲ್ಲ. "ನಿನ್ನ ಬೆವರು ಮೂರು ವಾಚ್ ತಿಂತು, ಎರಡು ಬೆಲ್ಟಿನ ಬಕಲ್ ತಿಂತು. ನಮ್ಮಪ್ಪನ ರಿವಾಲ್ವರ್ ಮಾತ್ರ ಬಿಡುತ್ತಾ? ಮನೇಲಿಡು ಅಂತ ಬಡ್ಕೊಂಡೆ."

ಅವಳು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಡೆಲ್ಮರ್, ಬೋಮಾಂಟ್ ಎಂಬ ಊರಿನವರ ಏಸಿ ರಿಪೇರಿ ಮಾಡುವವನು. ಟೆಕ್ಸಸ್ಸಿನ ಕಡಲಂಚಿನ ಆಗಸ್ಟಿನಲ್ಲಿ ಊರವರೆಲ್ಲ ತಣ್ಣಗೆ ಕೂರಲೆಂದು ಇವನು ಅವರ ಅಟ್ಟಗಳಲ್ಲಿ ತೆವಳಿಕೊಂಡು ಬೇಯುತ್ತಿದ್ದ. ಸಂಜೆ ಅಂಗಿ ಹಿಂಡಿದರೆ ಗಿಡಕ್ಕೆ ಹಾಕುವಷ್ಟು ನೀರು ಬರುತ್ತಿತ್ತು. ಹಾಕಿದ್ದರೆ ಗಿಡ ಸಾಯುತ್ತಿತ್ತು, ಅಷ್ಟು ಉಪ್ಪು. ಇದರ ಮೇಲೆ ಹೆದರಿದರೆ ಇನ್ನೊಂದು ಸುತ್ತು ಬೆವರುವ ಸ್ವಭಾವ. ಮಾವನನ್ನು ನೆನೆದರೆ ಸಾಕು, ಅವನಿಗೆ ಹೆದರಿಕೆಯಾಗುತ್ತಿತ್ತು.

ಮಾವ ಹೋಬರ್ಟ್ ಕ್ರಂಪ್ ಜಿಲ್ಲೆಯ ಪೊಲೀಸರಿಗೆಲ್ಲ ಮೇಲಾಗಿದ್ದ ನಿವೃತ್ತ ಶೆರಿಫ್, ಎಂಬತ್ತೊಂದು ವರ್ಷದ ಗಟ್ಟಿ ಆಸಾಮಿ. ಮದುವೆಯಾಗಿ ಹನ್ನೊಂದು ವರ್ಷವಾದರೂ ಅಳಿಯನನ್ನು "ಆ ಫ್ಯಾನ್ ರಿಪೇರಿಯವನು" ಎಂದೇ ಕರೆಯುತ್ತಿದ್ದ. ಆದರೆ ಮಾವನಿಗೆ ಗಂಡುಮಕ್ಕಳಿರಲಿಲ್ಲ. ಮೂರು ವಾರದ ಹಿಂದೆ ಇವನನ್ನು ಬಾರ್ಬೆಕ್ಯೂ ಹೋಟೆಲಿಗೆ ಕರೆದೊಯ್ದು, ತನ್ನಪ್ಪ ಸೊಂಟದಲ್ಲಿಟ್ಟುಕೊಂಡು ತಿರುಗಿದ ಈ ರಿವಾಲ್ವರನ್ನು ಮೇಜಿನ ಮೇಲಿಟ್ಟು ನಲವತ್ತು ನಿಮಿಷ ಭಾಷಣ ಮಾಡಿದ. ಮೊದಲ ಹತ್ತು ನಿಮಿಷ ಡೆಲ್ಮರ್ ಕಿವಿಗೊಟ್ಟು ಕೇಳಿದ. ಆಮೇಲೆ ಹೊಗೆಯಲ್ಲಿ ಬೆಂದ ಮಾಂಸದ ತಟ್ಟೆ ಬಂತು. ಭಾಷಣದ ಕೊನೆಯ ಮಾತಷ್ಟೇ ಮತ್ತೆ ಕಿವಿಗೆ ಬಿದ್ದದ್ದು: "ನನ್ನ ಕೈಗೆ ಬಂದಾಗ ಹೇಗಿತ್ತೋ ಹಾಗೇ ಇರಬೇಕು. ಇದಕ್ಕೇನಾದ್ರೂ ಆಯ್ತೋ, ಇದನ್ನೂ ವಾಪಸ್ ತಗೋತೀನಿ, ಮಗಳನ್ನೂ ವಾಪಸ್ ಕರ್ಕೊಂಡು ಹೋಗ್ತೀನಿ."

ಅವತ್ತಿನಿಂದ ಡೆಲ್ಮರ್ ಅದನ್ನು ಬಲಸೊಂಟದಲ್ಲಿ, ಪ್ಯಾಂಟಿನ ಒಳಗಡೆ ಸಿಕ್ಕಿಸಿಕೊಂಡೇ ಓಡಾಡಿದ. ಅಟ್ಟಕ್ಕೂ ಅದರ ಜೊತೆಗೇ ಹತ್ತಿದ. ಕಳ್ಳರ ಭಯವೇನಿರಲಿಲ್ಲ. ಹನ್ನೊಂದು ವರ್ಷದ ಮೇಲೆ ತಾನೂ ಆ ಮನೆಯವನಾದೆನೆಂಬ ಸಂತೋಷ, ಅಷ್ಟೇ.

ಈಗ ಮಧ್ಯಾಹ್ನ ಮೂರಕ್ಕೆ ಕ್ರಂಪ್ ಕುಟುಂಬದ ವರ್ಷದ ಕೂಟ, ಅದೂ ಮೊದಲ ಸಲ ಇವನ ಹಿತ್ತಲಲ್ಲಿ. "ಎಲ್ಲರೆದುರು ರಿವಾಲ್ವರ್ ತಗೊಂಡು ಬಾ. ಈ ವರ್ಷ ನಿನ್ನ ಸರದಿ" ಎಂದಿದ್ದ ಮಾವ. ಯಾವುದರ ಸರದಿ ಎಂದು ಕೇಳುವ ಧೈರ್ಯ ಡೆಲ್ಮರ್‌ಗೆ ಆಗಲಿಲ್ಲ. ಭಾಷಣದಲ್ಲಿ ಕಿವಿಗೆ ಬೀಳದೆ ಹೋದ ಆ ಮೂವತ್ತು ನಿಮಿಷದಲ್ಲೇ ಅದು ಎಲ್ಲೋ ಇದ್ದಿರಬೇಕು.

ಹಿತ್ತಲಿಗೆ ಬಂದು ಬಿಸಿಲಲ್ಲಿ ಮತ್ತೊಮ್ಮೆ ನೋಡುತ್ತಿದ್ದಾಗ ಬೇಲಿಯಾಚೆಯಿಂದ ತಲೆಯೊಂದು ಎದ್ದಿತು. ಪಕ್ಕದ ಮನೆಯ ವರ್ನನ್. ಎಣ್ಣೆ ಶುದ್ಧೀಕರಣದ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಪೈಪುಗಳ ತುಕ್ಕು ಕೆರೆದು ನಿವೃತ್ತನಾದವನು.

"ತುಕ್ಕಾ?" ಎಂದ. ಮುಖ ಅರಳಿತು. "ಒಂದ್ನಿಮಿಷ ಇರು ತಮ್ಮಾ, ಬಂದೆ!"

ಬಂದವನು ಬಂದೂಕಿನ ಎಣ್ಣೆ, ಕೂದಲೆಳೆಯಷ್ಟು ನವುರಾದ ಉಕ್ಕಿನ ನಾರು, ಹಳೆ ಬನಿಯನ್ನು ಎಲ್ಲ ತಂದಿದ್ದ. ಎಣ್ಣೆ ಹಾಕಿ ಮೆಲ್ಲಗೆ ಉಜ್ಜಿದರು. ಅರ್ಧ ಗಂಟೆಯಾದರೂ ಕಲೆ ಅಲ್ಲಾಡಲಿಲ್ಲ. "ಮೂರು ವಾರಕ್ಕೇ ಇಷ್ಟು ಆಳಕ್ಕೆ ಇಳಿದಿದ್ಯಲ್ಲೋ! ಅದೇನು ಬೆವರೋ, ಆ್ಯಸಿಡ್ಡೋ?" ಎಂದು ವರ್ನನ್ ಮೆಚ್ಚುಗೆಯಿಂದಲೇ ಕೇಳಿದ. ಡೆಲ್ಮರನ ಹಣೆಯಿಂದ ಒಂದು ಹನಿ ಸರಿಯಾಗಿ ರಿವಾಲ್ವರಿನ ಮೇಲೇ ಬಿತ್ತು. "ದೂರ ನಿಲ್ಲೋ ಮಾರಾಯ!" ಎಂದು ವರ್ನನ್ ಅವನನ್ನು ತಳ್ಳಿದ.

ಅಷ್ಟರಲ್ಲಿ ಎದುರುಮನೆಯ ಮಿಸ್ ಯೂಡೋರಾ ಪೀಚ್ ಹಣ್ಣಿನ ಕಡುಬು ಹಿಡಿದು ಬಂದರು. ಎಪ್ಪತ್ತೆಂಟರ ಅಜ್ಜಿ. ಮೊಮ್ಮಕ್ಕಳಿದ್ದರೂ ಊರಿಗೆಲ್ಲ ಅವರು ಮಿಸ್ಸೇ. ಚರ್ಚಿಗೆ ಒಯ್ಯುವ ಕೈಚೀಲದಲ್ಲಿ ಬೈಬಲ್ಲಿನ ಪಕ್ಕ ಪಿಸ್ತೂಲು ಇಟ್ಟುಕೊಂಡು ನಲವತ್ತು ವರ್ಷವಾಗಿತ್ತು.

"ಎಣ್ಣೆ ಹಚ್ಚಿ ಸುಮ್ನೆ ಬಿಡ್ರೋ," ಎಂದರು. "ಮಗಾ ಡೆಲ್ಮರ್, ಒಳಗೊಂದು ದಪ್ಪ ಬನಿಯನ್ ಹಾಕ್ಕೋಬೇಕು. ಸಂಜೆ ಮನೆಗೆ ಬಂದ ತಕ್ಷಣ ಒರೆಸಿ ತೆಳ್ಳಗೆ ಎಣ್ಣೆ ಹಚ್ಚಬೇಕು. ರಾತ್ರಿ ಚರ್ಮದ ಒರೇಲಿ ಮಲಗಿಸಬಾರದು, ಚರ್ಮ ಬೆವರನ್ನ ಕುಡಿದು ಇಟ್ಕೊಂಡಿರುತ್ತೆ. ಇಷ್ಟೇ." ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಅಲ್ಲಾ, ನೀನು ಇಡೋದು ಬಲಸೊಂಟಕ್ಕಲ್ವಾ? ಹಾಗಿದ್ರೆ ಮೈಗೆ ಅಂಟೋದು ಎಡಮಗ್ಗುಲು. ತುಕ್ಕು ಬಲಮಗ್ಗುಲಲ್ಲಿ ಯಾಕಿದೆ?"

"ಮಿಸ್ ಯೂಡೋರಾ, ಇವನ ಬೆವರು ಗೋಡೆ ದಾಟಿ ಹೋಗುತ್ತೆ," ಎಂದ ವರ್ನನ್. "ಡೆಲ್ಮರ್, ವಿನೆಗರ್ ತಾ!"

ಅಜ್ಜಿಯ ಪ್ರಶ್ನೆಗೆ ಅರೆಕ್ಷಣ ನಿಂತು ಯೋಚಿಸಿದ್ದರೆ ಡೆಲ್ಮರ್ ಬಚಾವಾಗುತ್ತಿದ್ದ. ಅವನು ವಿನೆಗರ್ ತರಲು ಓಡಿದ.

ಬಟ್ಟೆಯನ್ನು ವಿನೆಗರಿನಲ್ಲಿ ಅದ್ದಿ ಕಲೆಯ ಮೇಲೆ ಹೊದಿಸಿದರು. "ಐದೇ ನಿಮಿಷ" ಎಂದು ಹೇಳಿ ವರ್ನನ್ ಮೇಣ ಹುಡುಕಲು ತನ್ನ ಗ್ಯಾರೇಜಿಗೆ ಹೋದ. ಆಗಲೇ ಮನೆಯೊಳಗಿನ ಫೋನ್ ಹೊಡೆದುಕೊಂಡಿತು.

"ಏನಯ್ಯಾ, ಹೇಗಿದೆ ನಮ್ಮಪ್ಪನ ರಿವಾಲ್ವರ್?"

"ಚೆನ್ನಾಗಿದೆ ಸರ್. ಹಾಗೇ ಇದೆ ಸರ್."

"ಹಾಗೇ ಇರಬೇಕು," ಎಂದು ಶುರುಮಾಡಿದ ಮಾವ, ದಾರಿಯಲ್ಲಿ ತರಬೇಕಾದ ಐಸಿನಿಂದ ಹಿಡಿದು ಈಗಿನ ಶೆರಿಫ್‌ನ ಅಯೋಗ್ಯತನದವರೆಗೆ ಇಪ್ಪತ್ತೈದು ನಿಮಿಷ ಮಾತಾಡಿದ. ಫೋನ್ ಇಡುವುದೆಂದರೆ ಶೆರಿಫ್ ಇಡಬೇಕು, ಅಳಿಯನಲ್ಲ. ಡೆಲ್ಮರ್ ಕಿಟಕಿಯಿಂದ ಆ ಬಟ್ಟೆಯನ್ನೇ ನೋಡುತ್ತ, "ಹೌದು ಸರ್" ಎನ್ನುತ್ತ, ಕಾಲು ಬದಲಿಸುತ್ತ ನಿಂತ.

ಓಡಿಬಂದು ಬಟ್ಟೆ ಎತ್ತಿದರೆ ತುಕ್ಕು ಮಾಯ! ಜೊತೆಗೆ ನೂರು ವರ್ಷದ ನೀಲಿಗಪ್ಪು ಬಣ್ಣವೂ ಮಾಯ. ಅಂಗೈಯಗಲ ಜಾಗ ಬೋಳುತಲೆಯ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು. ಲೊರೀನ್ ಬಂದು ನೋಡಿ, ಒಳಗೆ ಹೋಗಿ ಸೂಟ್‌ಕೇಸಿನ ಧೂಳು ಒರೆಸತೊಡಗಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಹೆದರಬೇಡ. ಇದಕ್ಕೂ ಔಷಧಿ ಇದೆ," ಎಂದು ವರ್ನನ್ ಉಕ್ಕಿಗೆ ಬಣ್ಣ ಕೂರಿಸುವ ದ್ರಾವಣದ ಸೀಸೆ ತಂದ. ವಿನೆಗರನ್ನು ಚೆನ್ನಾಗಿ ತೊಳೆದು, ಒಣಗಿಸಿ, ದ್ರಾವಣ ಬಳಿದ. ಬೋಳುಜಾಗ ಬೂಟ್ ಪಾಲಿಶ್ ಹಾಕಿದಂತೆ ಕಪ್ಪಾಗಿ ಎದ್ದು ಕಂಡಿತು. ಅದಕ್ಕೆ ಹೊಂದಲೆಂದು ಇಡೀ ಬಲಮಗ್ಗುಲು ಉಜ್ಜಿ ಬಳಿದರು. ಆಗ ಎಡಮಗ್ಗುಲು ಹಳತಾಗಿ ಕಂಡಿತು, ಅದನ್ನೂ ಉಜ್ಜಿದರು. ಮಿಸ್ ಯೂಡೋರಾ ಕುರ್ಚಿ ಹಾಕಿಕೊಂಡು ಕೂತು, ತಪ್ಪದೆ ಹತ್ತು ನಿಮಿಷಕ್ಕೊಮ್ಮೆ "ಬಿಡ್ರೋ" ಎನ್ನುತ್ತಿದ್ದರು. ಕೊನೆಗೆ ಮೇಣ. ಒಂದು ಪದರ, ಒಣಗಿದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು.

ಎರಡೂ ಐವತ್ತಕ್ಕೆ ರಿವಾಲ್ವರ್ ಮೇಜಿನ ಮೇಲೆ ಮದುಮಗಳಂತೆ ಕೂತಿತ್ತು. ಎಲ್ಲೂ ಒಂದು ಚುಕ್ಕೆಯಿರಲಿಲ್ಲ. ಡೆಲ್ಮರ್ ವರ್ನನ್‌ನನ್ನು ತಬ್ಬಿಕೊಂಡ. ವರ್ನನ್ ಅಂಗಿ ಒದ್ದೆಯಾಗಿ ಬೇಲಿ ಹಾರಿ ಹೋದ.

ಮೂರಕ್ಕೆ ಸರಿಯಾಗಿ ಕ್ರಂಪ್ ಕುಟುಂಬ ಇಳಿಯಿತು. ಮಾವನ ತಮ್ಮಂದಿರು, ಅವರ ಹೆಂಡಂದಿರು, ಮಕ್ಕಳು, ಎಲ್ಲ ಸೇರಿ ಇಪ್ಪತ್ತೆಂಟು ಜನ. ಹೋಬರ್ಟ್ ಟೋಪಿ ತೆಗೆದು ಓಕ್ ಮರದ ಕೆಳಗೆ ನಿಂತ. ಡೆಲ್ಮರ್ ಖಾಲಿ ರಿವಾಲ್ವರನ್ನು ಹೊಸ ಟವೆಲಿನ ಮೇಲಿಟ್ಟು ತಂದ. ಜೀವನದಲ್ಲಿ ಮೊದಲ ಬಾರಿ ಮಾವನೆದುರು ಎದೆ ಸೆಟೆಸಿ ನಿಂತಿದ್ದ.

"ನಮ್ಮ ಗಂಡಸರಿಗೆಲ್ಲ ಗೊತ್ತಿರೋದೇ, ಹೆಂಗಸರು ಮಕ್ಕಳು ಇವತ್ತು ಕೇಳಿ," ಎಂದು ಹೋಬರ್ಟ್ ಶುರುಮಾಡಿದ. "ನಮ್ಮಪ್ಪ ಎಡಚ. ಅವತ್ತೂ ಇಂಥದೇ ಆಗಸ್ಟ್. ಕಳ್ಳಸಾರಾಯಿ ಕಾಯಿಸೋ ಮೂರು ಜನರನ್ನ ಜೌಗಿನಲ್ಲಿ ಒಬ್ಬನೇ ತಡೆದು ನಿಲ್ಲಿಸಿದ. ಸಹಾಯಕ್ಕೆ ಜನ ಬರೋವರೆಗೂ ಆರು ಗಂಟೆ, ಎಡಗೈ ಹೆಬ್ಬೆಟ್ಟು ಬಲಮಗ್ಗುಲಲ್ಲಿ ಇಟ್ಟ ಜಾಗದಿಂದ ಕದಲಲಿಲ್ಲ. ಆ ಬೆವರು ಉಕ್ಕಿಗಿಳಿದು ಅಪ್ಪನ ಹೆಬ್ಬೆಟ್ಟಿನ ಗುರುತು ಹಾಗೇ ಕೂತ್ಕೊಂತು."

ಬೆಳಿಗ್ಗೆ ಉಜ್ಜಿ ತೆಗೆದ ಕಂದು ಕಲೆ ಡೆಲ್ಮರನ ಕಣ್ಮುಂದೆ ಬಂತು. ಮಾಂಸದ ತಟ್ಟೆ ಬಂದಾಗ ಮಾವ ಹೇಳುತ್ತಿದ್ದ ಕತೆ ಇದೇ ಆಗಿತ್ತು.

"ಈ ಮನೆಗೆ ಸೇರೋ ಗಂಡಸರೆಲ್ಲ ಆ ಗುರುತಿನ ಮೇಲೆ ಹೆಬ್ಬೆಟ್ಟಿಟ್ಟು ಫೋಟೋ ತೆಗೆಸ್ಕೊಂಡೇ ಕ್ರಂಪ್ ಆಗಿದ್ದು. ಇವತ್ತು ನನ್ನ ಅಳಿಯನ ಸರದಿ." ಮಾವ ಅಳಿಯನ ಹೆಗಲ ಮೇಲೆ ಕೈಯಿಟ್ಟ. "ಇಡಪ್ಪಾ ಮಗನೇ."

ಮಗನೇ ಅಂದದ್ದು ಅದೇ ಮೊದಲು. ಡೆಲ್ಮರ್ ಎಡಗೈ ಹೆಬ್ಬೆಟ್ಟನ್ನು ಗಾಳಿಯಲ್ಲಿ ಹಿಡಿದು ನಿಂತ. ಎಲ್ಲಿಡಬೇಕೆಂದು ತೋರಿಸಲು ಹೋಬರ್ಟ್ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ. ರಿವಾಲ್ವರನ್ನು ತಿರುಗಿಸಿ ನೋಡಿದ. ಮತ್ತೆ ತಿರುಗಿಸಿದ.

"ಅಪ್ಪ ಎಲ್ಲಿ?"

"ವಿನೆಗರ್ ಸರ್," ಎಂದ ಡೆಲ್ಮರ್. ಮುಂದಿನದನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿದ.

ಹೋಬರ್ಟ್ ಕೂಗಾಡಲಿಲ್ಲ. ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಮೂಗಿನಿಂದ, ಗಲ್ಲದಿಂದ, ಮೊಣಕೈಯಿಂದ ಅವನಿಗೆ ನೀರು ತೊಟ್ಟಿಕ್ಕುತ್ತಿತ್ತು.

"ಲೊರೀನ್, ಇವನು ಯಾವಾಗಲೂ ಇಷ್ಟು ಬೆವರ್ತಾನಾ?"

"ಇವತ್ತು ಕಡಿಮೆ ಅಪ್ಪಾ," ಎಂದಳು ಲೊರೀನ್, ಗಂಡನ ಪರವಾಗಿ ಮೊದಲ ಸಲ ಹೆಮ್ಮೆಯಿಂದ. "ಮೂರು ವಾಚ್ ತಿಂದಿದೆ."

ಮಾವ ಒಂದು ಕುರ್ಚಿ ಎಳೆದು ನೆರಳಾಚೆ, ಕೆಂಡದಂಥ ಬಿಸಿಲಲ್ಲಿ ಹಾಕಿದ. "ಕೂತ್ಕೋ. ಎಡಗೈಲಿ ಹಿಡಿ, ಹೆಬ್ಬೆಟ್ಟು ಇಲ್ಲಿ. ಅಪ್ಪನಿಗೆ ಆರು ಗಂಟೆ ಹಿಡೀತು. ಗುರುತು ಬಂದ ದಿನ ನೀನು ನನ್ನ ಮಗ. ಅಲ್ಲೀವರೆಗೆ ಲೊರೀನ್ ನನ್ನ ಮನೇಲಿರ್ತಾಳೆ."

ಡೆಲ್ಮರ್ ಕೂತ. ಭಯದ ನಡುವೆಯೂ ಆಸೆ ಚಿಗುರಿತು. ಊರೆಲ್ಲ ನಕ್ಕ ಈ ಹಾಳು ಬೆವರು ಕೊನೆಗೂ ಒಂದು ಉಪಕಾರಕ್ಕೆ ಬಂತಲ್ಲ! ಮನಸಾರೆ ಬೆವರಿದ. ಹೆಬ್ಬೆಟ್ಟಿನ ಕೆಳಗಿನಿಂದ ಉಪ್ಪುನೀರು ಧಾರೆಯಾಗಿ ಇಳಿಯಿತು. ನೆಂಟರೆಲ್ಲ ತಟ್ಟೆ ಹಿಡಿದು ಸುತ್ತ ನಿಂತು, "ಬಿಡಬೇಡ ಡೆಲ್ಮರ್, ಇನ್ನೂ ಸ್ವಲ್ಪ!" ಎಂದು ಹುರಿದುಂಬಿಸಿದರು.

ಆಗ ಬೇಲಿಯಾಚೆ, ಒಣ ಅಂಗಿ ತೊಟ್ಟ ವರ್ನನ್‌ನ ತಲೆ ಎದ್ದಿತು. ಬೆವರು ಹರಿಯುತ್ತಿದ್ದ ರಿವಾಲ್ವರನ್ನು ಕಂಡು ಹೆಮ್ಮೆಯಿಂದ ನಕ್ಕ.

"ಹೋಬರ್ಟ್ ಸರ್, ಎಷ್ಟಾದ್ರೂ ಬೆವರ್ಲಿ, ಏನೂ ಯೋಚನೆ ಮಾಡಬೇಡಿ! ಹಡಗಿಗೆ ಹಚ್ಚೋ ಮೇಣ, ಮೂರು ಪದರ ಹಾಕಿದೀನಿ. ಇನ್ನು ಹತ್ತು ವರ್ಷದಲ್ಲಿ ಒಂದು ಚುಕ್ಕೆ ತುಕ್ಕು ಹತ್ತಿದ್ರೆ ನನ್ನ ಹೆಸರು ಬದಲಾಯಿಸಿ!"

ಹೋಬರ್ಟ್ ವರ್ನನ್‌ನನ್ನು ನೋಡಿದ, ಅಳಿಯನನ್ನು ನೋಡಿದ, ಸೂರ್ಯನನ್ನು ನೋಡಿದ.

"ಲೊರೀನ್," ಎಂದ, "ಆ ಕುರ್ಚಿಗೊಂದು ದಿಂಬು ತಂದು ಕೊಡಮ್ಮಾ. ಇವನು ಸದ್ಯಕ್ಕೆ ಏಳೋ ಹಾಗಿಲ್ಲ."