ನೂರಕ್ಕೆ ನೂರಾ ಹತ್ತು

ಮರ್ಯಾದೆ ಕಳೆದುಕೊಳ್ಳಲು ಬೇರೆಯವರು ಏನಾದರೂ ತಪ್ಪು ಮಾಡಬೇಕಾಗುತ್ತದೆ. ನನಗೆ ಆ ತೊಂದರೆಯಿಲ್ಲ, ಯಾರಿಗಾದರೂ ಉಪಕಾರ ಮಾಡಲು ಹೊರಟರೆ ಸಾಕು, ಅದು ತಾನಾಗಿಯೇ ಹೋಗುತ್ತದೆ. ಹುಬ್ಬಳ್ಳಿಯ ವಿದ್ಯಾನಗರದ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸಿಕೊಂಡು ಸುಖವಾಗಿದ್ದ ನಾನು ಆನ್‌ಲೈನ್ ಅಂಕಗಳ ಉಸಾಬರಿಗೆ ಬಿದ್ದದ್ದೂ ಹೀಗೆಯೇ.

೧. ತಜ್ಞನಾದದ್ದು

ಒಮ್ಮೆ ಸಭೆಯಲ್ಲಿ ಪ್ರೊಜೆಕ್ಟರ್ ಹತ್ತಲಿಲ್ಲ. ಎಲ್ಲರೂ ಅದರ ಸುತ್ತ ನಿಂತು ತಲೆ ಕೆರೆದುಕೊಳ್ಳುತ್ತಿದ್ದಾಗ ನಾನು ಹೋಗಿ ಗೋಡೆಯ ಮೇಲಿನ ಸ್ವಿಚ್ ಒತ್ತಿದೆ. ಅಂದಿನಿಂದ ಕಾಲೇಜಿನಲ್ಲಿ ಕಂಪ್ಯೂಟರ್ ತಜ್ಞ ಎಂದರೆ ನಾನೇ. ಖರೇ ಹೇಳಬೇಕೆಂದರೆ, ನನಗೂ ಅದು ಹಿತವಾಗಿತ್ತು.

ಒಂದು ದಿನ ಪ್ರಾಂಶುಪಾಲರು ಕರೆದರು. "ಸರ, ಇನ್ನ ಮ್ಯಾಲೆ ಅಂಕಾ ಎಲ್ಲಾ ಆನ್‌ಲೈನ್. ಹಾಜರಿಗೆ ಎಷ್ಟು ಪಾಲು, ಟೆಸ್ಟಿಗೆ ಎಷ್ಟು, ಪರೀಕ್ಷಾಕ್ಕ ಎಷ್ಟು ಅಂತ ವೇಟೇಜ್ ಹಾಕಿಬಿಡ್ರಿ, ಕೂಡೋದು ಕಳಿಯೋದು ಕಂಪ್ಯೂಟರ್ ತಾನ ಮಾಡತದ. ಶನಿವಾರ ಪಾಲಕರ ಸಭಾ ಅದ. ಅಷ್ಟರಾಗ ಆಗಲಿಲ್ಲಾಂದ್ರ ಸ್ಟೇಜ್ ಮ್ಯಾಲೆ ನಿಂತು ಉತ್ತರಾ ಕೊಡೋರು ನೀವ."

"ಅದೇನ್ ದೊಡ್ಡದ್ರಿ ಸರ" ಅಂದುಬಿಟ್ಟೆ.

ಬೈರಿದೇವರಕೊಪ್ಪದ ಮನೆಗೆ ಬಂದು ಅವ್ವನ ಮುಂದೆ ಎದೆಯುಬ್ಬಿಸಿ ಹೇಳಿದೆ, "ಅವ್ವಾ, ಇಡೀ ಕಾಲೇಜಿನ ಅಂಕಾ ಇನ್ನ ನನ್ನ ಕೈಯಾಗ." ಅವ್ವ ನಿವೃತ್ತ ಶಾಲಾ ಶಿಕ್ಷಕಿ. ಚಿಕ್ಕಂದಿನಲ್ಲಿ ನನಗೆ ಗಣಿತ ಕಲಿಸಿದವಳೂ ಅವಳೇ. ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟು ಕೇಳಿದಳು, "ಹಂಗಾರ ಆ ಹುಡುಗ್ರ ಗತಿ ಏನಪಾ?"

೨. ಕೊಸರು

ಪರೀಕ್ಷೆಗೆ ಅರವತ್ತು, ಟೆಸ್ಟಿಗೆ ಇಪ್ಪತ್ತು, ಅಸೈನ್‌ಮೆಂಟಿಗೆ ಹತ್ತು, ಹಾಜರಿಗೆ ಹತ್ತು. ನೂರು ಸರಿಹೋಯಿತು. ಅಲ್ಲಿಗೇ ಬಿಡಬೇಕಿತ್ತು. ಅಷ್ಟರಲ್ಲಿ ಆಟದ ಮಾಸ್ತರರು ಬಂದರು. "ಸರ, ಮೈದಾನದಾಗ ಬೆವರು ಸುರಸೋ ಹುಡುಗ್ರಿಗೆ ಒಂದ್ ಐದು ಹಾಕ್ರಿ." ಹಾಕಿದೆ. ಇದು ಹೇಗೋ ಗ್ರಂಥಪಾಲಕರ ಕಿವಿಗೆ ಬಿತ್ತು. "ಪುಸ್ತಕಾ ಓದೋ ಹುಡುಗ್ರು ಏನ್ ಪಾಪಾ ಮಾಡ್ಯಾರ್ರಿ?" ಅವರಿಗೂ ಐದು ಹಾಕಿದೆ. ಮೆಂತ್ಯೆ ಸೊಪ್ಪಿನ ಮೇಲೆ ನಾಲ್ಕು ಕೊತ್ತಂಬರಿ ಕಡ್ಡಿ ಕೊಸರು ಹಾಕಿಸಿಕೊಳ್ಳದೆ ಮಾರ್ಕೆಟ್ ಬಿಟ್ಟು ಬರದ ಮನೆತನ ನಮ್ಮದು. ಕೇಳಿದವರಿಗೆ ಇಲ್ಲ ಅನ್ನುವುದು ಹೇಗೆ?

ಪ್ರಾಂಶುಪಾಲರು ಪರದೆ ನೋಡಿದರು. "ಒಟ್ಟು ನೂರಾ ಹತ್ತು ಅಂತ ತೋರಸಾಕತ್ತದಲ್ರಿ?"

"ಮ್ಯಾಲಿನ ಹತ್ತು ಕೊಸರ್ರೀ ಸರ."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಅಂದ್ರ ಶಾಣ್ಯಾ ಹುಡುಗಗ ನೂರಕ್ಕ ನೂರಾ ಹತ್ತು ಬೀಳತಾವ. ಅಂಥಾವಗ ಕಲಸೋರು ಯಾರು, ನೀವಾ?"

ಹತ್ತನ್ನೂ ಕಿತ್ತುಹಾಕಿದೆ. ಈಗ ಆಟದ ಮಾಸ್ತರರೂ ಗ್ರಂಥಪಾಲಕರೂ ನನಗೆ ನಮಸ್ಕಾರ ಹೇಳುವುದಿಲ್ಲ.

೩. ಮುಂದಿನ ತಿಂಗಳ ಸೊನ್ನೆ

ಪರೀಕ್ಷೆ ಇನ್ನೂ ನಡೆದಿರಲಿಲ್ಲವಾದ್ದರಿಂದ ಪರದೆಯ ಮೇಲೆ ಆ ಸಾಲಿನ ಮನೆಗಳೆಲ್ಲ ಖಾಲಿ ಇದ್ದವು. ಖಾಲಿ ಬಿಟ್ಟರೆ ನೋಡುವವರಿಗೆ ಕೆಲಸ ಅರ್ಧಕ್ಕೆ ನಿಂತಂತೆ ಕಾಣುತ್ತದೆಂದು, ಚೆಂದಕ್ಕೆ ಎಲ್ಲದರಲ್ಲೂ ಒಂದೊಂದು ಸೊನ್ನೆ ತುಂಬಿದೆ. ಖಾಲಿ ಬಿಟ್ಟಿದ್ದರೆ ಯಂತ್ರ ಅದನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲವಂತೆ. ಸೊನ್ನೆಯನ್ನು ಮಾತ್ರ ಬಹಳ ಶ್ರದ್ಧೆಯಿಂದ ಹಿಡಿಯಿತು. ಇಡೀ ಕಾಲೇಜು ನಪಾಸಾಯಿತು.

ಬೆಂಗೇರಿಯಿಂದ ಬರುವ ಹುಡುಗಿ, ತರಗತಿಗೆ ಯಾವಾಗಲೂ ಮೊದಲು ಬರುವವಳು, ಮೊಬೈಲ್ ಹಿಡಿದು ಎದುರಿಗೆ ನಿಂತಳು. "ಸರ, ಮುಂದಿನ ತಿಂಗಳ ಪರೀಕ್ಷಾದಾಗ ನನಗ ಸೊನ್ನಿ ಬಿದ್ದೈತ್ರಿ."

"ಹೂಂ" ಅಂದೆ.

"ಹಂಗಾರ ಓದೋದು ಬಿಡ್ಲೇನ್ರಿ?"

೪. ಪಾಲಕರ ಸಭೆ

ಸೊನ್ನೆಗಳನ್ನೆಲ್ಲ ಅಳಿಸಿದ ಮೇಲೆ ನನ್ನ ಮೇಲೆ ನನಗೇ ನಂಬಿಕೆ ಹೋಗಿತ್ತು. ಲೆಕ್ಕ ಸರಿಯಾಗಿದೆಯೋ ಇಲ್ಲವೋ ನೋಡಲು ನನ್ನದೇ ಹೆಸರಿನಲ್ಲಿ ಒಬ್ಬ ಸುಳ್ಳು ವಿದ್ಯಾರ್ಥಿಯನ್ನು ಸೇರಿಸಿದೆ. ಹಾಜರಿ ಸೊನ್ನೆ ಕೊಟ್ಟೆ, ಟೆಸ್ಟಿಗೂ ಅಸೈನ್‌ಮೆಂಟಿಗೂ ಅಷ್ಟಿಷ್ಟು ಕೊಟ್ಟೆ. ಪಾಲಕರ ಮೊಬೈಲ್ ನಂಬರ್ ಕೇಳಿತು, ಅವ್ವನದು ಹಾಕಿದೆ. ಲೆಕ್ಕ ಸರಿಬಂತು. ಆ ಸಂತೋಷದಲ್ಲಿ ಅವನನ್ನು ತೆಗೆದುಹಾಕುವುದು ಮರೆತೇಹೋಯಿತು.

ಶನಿವಾರ ಸಭಾಂಗಣ ತುಂಬಿತ್ತು. ಎಲ್ಲರ ಮೊಬೈಲಿನಲ್ಲೂ ಅಂಕಗಳು ಸರಿಯಾಗಿ ಕಾಣುತ್ತಿದ್ದವು. ನನಗೆ ಹೋದ ಜೀವ ಬಂದಿತ್ತು. ಪ್ರಾಂಶುಪಾಲರು ನನ್ನನ್ನು ವೇದಿಕೆಗೆ ಕರೆದು, "ಇದೆಲ್ಲಾ ಇವರ ಶ್ರಮಾ" ಎನ್ನುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಯಾರೋ ಎದ್ದು ನಿಂತರು. ಅವ್ವ!

"ನನಗ ಮುಂಜಾನೆ ಮೆಸೇಜ್ ಬಂದದ್ರಿ" ಎಂದು ಮೊಬೈಲ್ ದೂರ ಹಿಡಿದು ಜೋರಾಗಿ ಓದಿದಳು. "ನಿಮ್ಮ ಮಗನ ಹಾಜರಾತಿ ಸೊನ್ನೆ. ಅನುತ್ತೀರ್ಣ. ಪಾಲಕರು ತಪ್ಪದೆ ಬಂದು ಕಾಣಬೇಕು." ಆಮೇಲೆ ಪ್ರಾಂಶುಪಾಲರ ಕಡೆ ತಿರುಗಿದಳು. "ದಿನಾ ಮುಂಜಾನೆ ನನ್ನ ಕಡೆ ಡಬ್ಬಿ ಕಟ್ಟಿಸಿಕೊಂಡು ಕಾಲೇಜಿಗೆ ಹೊಂಟೇನಿ ಅಂತ ಬರತಾನ್ರಿ. ಇಲ್ಲಿ ನೋಡಿದ್ರ ಹಾಜರಿ ಸೊನ್ನಿ. ಹಂಗಾರ ಇಂವ ಹೋಗೋದರ ಎಲ್ಲಿಗೆ?"

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಬೆಂಗೇರಿಯ ಹುಡುಗಿಯಂತೂ ಬೆಂಚಿನ ಕೆಳಗೇ ಇಳಿದುಬಿಟ್ಟಳು. ನಾನು ಮೈಕಿನ ಕಂಬದ ಹಿಂದೆ ಅಡಗಲು ನೋಡಿದೆ, ಅದು ನನಗಿಂತ ತೆಳ್ಳಗಿತ್ತು. ನಡೆದದ್ದನ್ನೆಲ್ಲ ತೊದಲುತ್ತ ವಿವರಿಸಿದೆ.

ಪ್ರಾಂಶುಪಾಲರು ಕಣ್ಣೊರೆಸಿಕೊಂಡು ಕೇಳಿದರು, "ಅವ್ವಾರ, ಒಂದೀಟು ಕೊಸರು ಹಾಕಿ ಪಾಸ್ ಮಾಡಿಬಿಡೋಣೇನ್ರಿ?"

ಅವ್ವ ಕ್ಷಣವೂ ಯೋಚಿಸಲಿಲ್ಲ. "ಬ್ಯಾಡ್ರಿ ಸರ. ಇನ್ನೊಂದು ವರ್ಷ ಅದ ವರ್ಗದಾಗ ಕೂಡಸ್ರಿ, ಕಲೀಲಿ."

ಪ್ರಾಂಶುಪಾಲರು ಪಾಲಕರ ಮಾತು ಮೀರುವವರಲ್ಲ. ಮುಂದಿನ ವರ್ಷದ ವೇಟೇಜ್ ಕೆಲಸವೂ ನನಗೇ ಬಂದಿದೆ.