ಭಯ ಉತ್ಪಾದಿಸಿದ ಹೆಂಗಸರು

ಕೊಪ್ಪದ ಕೋರ್ಟಿನಲ್ಲಿ ವಕೀಲಿಕೆ ಮಾಡುತ್ತಲೇ ತಲೆ ಬೋಳಾಗಿಸಿಕೊಂಡ ನನಗೆ ದೊಡ್ಡ ಕಾನೂನುಗಳನ್ನು ಕಂಡರೆ ಮೊದಲಿನಿಂದಲೂ ಗುಮಾನಿ. ಭೂಗತ ದೊರೆಗಳಿಗೆಂದು ಮಾಡಿದ ಸಂಘಟಿತ ಅಪರಾಧದ ಕಾಯ್ದೆಯೊಳಗೆ ಸರ್ಕಾರದವರು ಭಯೋತ್ಪಾದನೆಯನ್ನೂ ತುರುಕಿದಾಗ ಮಾತ್ರ, ಇದು ದೊಡ್ಡ ಪಟ್ಟಣದವರ ತಲೆನೋವು, ನಮ್ಮ ಘಟ್ಟದ ತಿರುವು ಹತ್ತಿ ಬರಲಾರದು ಎಂದು ನೆಮ್ಮದಿಯಾಗಿದ್ದೆ. ಬಂತು. ಬಂದದ್ದು ನೇರ ನನ್ನ ಹೆಂಡತಿಯನ್ನೇ ಹುಡುಕಿಕೊಂಡು.

ಸುಮಿತ್ರ ನಮ್ಮೂರ ಮಹಿಳಾ ಸಂಘದ ಅಧ್ಯಕ್ಷೆ. ಮೇಗುಂದದ ಕಡೆಯ ದಿನಸಿ ಅಂಗಡಿಯವನೊಬ್ಬ ಉಪ್ಪು, ಸಕ್ಕರೆಯ ಮರೆಯಲ್ಲಿ ಕಳ್ಳ ಮದ್ಯ ಮಾರುತ್ತಿದ್ದ. ಹೇಳಿ ಹೇಳಿ ಸಾಕಾದ ಸಂಘದ ಹೆಂಗಸರು ಒಂದು ಮಧ್ಯಾಹ್ನ ಪೆಟ್ಟಿಗೆಗಳನ್ನು ಹೊರಗೆ ತಂದು ಎಲ್ಲವನ್ನೂ ಚರಂಡಿಗೆ ಸುರಿದರು. ಅಂಗಡಿಯವ ಪೊಲೀಸರಿಗೆ ದೂರು ಕೊಟ್ಟ. ಹೆಂಗಸರನ್ನು ಠಾಣೆಗೆ ಕರೆಸಿದರು. ನಾನೂ ಕರಿಕೋಟು ತೊಟ್ಟು ಹೋದೆ.

ಹೊಸದಾಗಿ ಬಂದಿದ್ದ ಸಬ್ ಇನ್ಸ್‌ಪೆಕ್ಟರು ಗಂಭೀರವಾಗಿ ಹೇಳಿದರು: "ನೋಡಿ ವಕೀಲರೇ, ಗುಂಪಿದೆ, ನಾಯಕಿ ಇದ್ದಾರೆ, ಮೊದಲೇ ಪ್ಲಾನ್ ಮಾಡಿದ್ದಾರೆ. ಅಂಗಡಿಯವನಿಗೆ ಭಯ ಹುಟ್ಟಿಸಿದ್ದಾರೆ. ಸಂಘಟಿತ ಅಪರಾಧದ ಕಾಯ್ದೆ ಹಾಕಿದರೆ ಜಾಮೀನು ಸುಲಭಕ್ಕೆ ಸಿಗೋದಿಲ್ಲ."

ನನ್ನ ಪಿತ್ತ ನೆತ್ತಿಗೇರಿತು. "ಭಯ ಹುಟ್ಟಿಸಿದವರೆಲ್ಲ ಭಯೋತ್ಪಾದಕರಾದ್ರೆ ನಮ್ಮ ಲೆಕ್ಕದ ಮೇಷ್ಟ್ರನ್ನ ಗಲ್ಲಿಗೇ ಹಾಕಬೇಕಿತ್ತು ಮಾರಾಯ್ರೆ!" ಎಂದು ಕೂಗಿದೆ. ಹೆಂಗಸರು ನಕ್ಕರು. ಕೂಲಿಗೆ ಹೋಗುವ ಗಿರಿಜಾ ಮಾತ್ರ ನಗಲಿಲ್ಲ. ಅವಳ ಗಂಡನ ಕೂಲಿಯೆಲ್ಲ ಆ ಅಂಗಡಿಗೇ ಹೋಗುತ್ತಿತ್ತು. "ಅಕ್ಕ, ಒಳಗೆ ಹಾಕ್ತಾರಾ? ಮನೇಲಿ ಹಾಲು ಕುಡಿಯೋ ಕೂಸು ಉಂಟು" ಎಂದು ಸುಮಿತ್ರಳ ಸೆರಗು ಹಿಡಿದಳು. ಅಂಗಡಿಯವನೂ ಅಲ್ಲೇ ಕೂತಿದ್ದ. ಗಂಡನಿಗೆ ಕುಡಿಸಿ ಕೆಡಿಸಿದವನು ಕುರ್ಚಿಯಲ್ಲಿ, ಕೂಸಿನ ತಾಯಿ ಕಟಕಟೆಯಲ್ಲಿ! ನಾನು ಸಂವಿಧಾನದಿಂದಲೇ ಶುರುಮಾಡಿದೆ. ಸಬ್ ಇನ್ಸ್‌ಪೆಕ್ಟರು ಆಕಳಿಸಿದರು.

ಸುಮಿತ್ರ ನನ್ನ ತೋಳು ಹಿಡಿದು ಕೂರಿಸಿದಳು. "ಕೇಸ್ ಹಾಕಿ ಸರ್. ನಮ್ಮೆಲ್ಲರ ಹೆಸರೂ ಬರ್ಕೊಳಿ. ನಾವು ಚರಂಡಿಗೆ ಸುರಿದದ್ದು ಎಂತದು, ಅದು ದಿನಸಿ ಅಂಗಡೀಲಿ ಯಾಕಿತ್ತು, ಅದನ್ನೂ ಬರ್ಕೊಳಿ."

ಸಬ್ ಇನ್ಸ್‌ಪೆಕ್ಟರ ಪೆನ್ನು ನಿಂತಿತು. ಅಂಗಡಿಯವನ ಮುಖ ಕಪ್ಪಿಟ್ಟಿತು. ಸ್ವಲ್ಪ ಹೊತ್ತಿನಲ್ಲೇ ಅವನು ದೂರು ವಾಪಸ್ ತೆಗೆದುಕೊಂಡ. ಆದರೆ ಅವನ ಮೇಲೆ ಮಾತ್ರ ಕೇಸಾಗಲಿಲ್ಲ. ಅಷ್ಟು ಉದ್ದದ ಕಾಯ್ದೆಗೆ ಅವನೊಬ್ಬ ಕಾಣಲೇ ಇಲ್ಲ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಹೊರಗೆ ಬಂದಾಗ ಗಿರಿಜಾ ಕಣ್ಣೊರೆಸಿಕೊಂಡು ಕೇಳಿದಳು: "ಕೆಲಸ ಆದದ್ದು ನಿಮ್ಮ ಮಾತಿಂದ್ಲೇ. ಮತ್ತೆ ವಕೀಲರನ್ನ ಯಾಕೆ ಕರ್ಕೊಂಡು ಬಂದ್ರಿ ಅಕ್ಕ?"

"ಕಾರು ಬಿಡ್ಲಿಕ್ಕೆ ಯಾರಾದ್ರೂ ಬೇಕಲ್ಲ ಮಾರಾಯ್ತಿ" ಎಂದಳು ಸುಮಿತ್ರ.

ನಾನು ಕೋಟು ಬಿಚ್ಚಿ, ಕಾರಿನ ಹಿಂದಿನ ಬಾಗಿಲು ತೆರೆದು ನಿಂತೆ.